ವಜ್ರ ಮಂಕಾದಾಗ ಬೋಟ್ಸ್ವಾನಾ

2024ರ ಅಕ್ಟೋಬರ್ 30ರಂದು ಆಫ್ರಿಕಾ ಖಂಡದ ದಕ್ಷಿಣಕ್ಕಿರುವ ಬೋಟ್ಸ್ವಾನಾದಲ್ಲಿ ಸಾರ್ವತ್ರಿಕ ಚುನಾವಣೆ ನಡೆಯಿತು. 1966ರಲ್ಲಿ ಸ್ವಾತಂತ್ರ್ಯ ಬಂದಂದಿನಿಂದ 58 ವರ್ಷ ಎಡೆಬಿಡದೆ ಆಳಿದ ಬೋಟ್ಸ್ವಾನಾ ಡೆಮಾಕ್ರಟಿಕ್ ಪಕ್ಷ, ಚುನಾವಣೆ ನಡೆದ 61 ಸ್ಥಾನಗಳ ಪೈಕಿ ಕೇವಲ 4ನ್ನು ಗಳಿಸಿ ನೆಲಕಚ್ಚಿತು. ಮತ ಎಣಿಕೆ ಪೂರ್ಣಗೊಳ್ಳುವ ಮುನ್ನವೇ ಅಂದಿನ ಅಧ್ಯಕ್ಷ ಮೊಕ್ವೀಟ್ಸಿ ಮಸೀಸಿ ಸೋಲನ್ನು ಒಪ್ಪಿಕೊಂಡು, ಅಧಿಕಾರ ಹಸ್ತಾಂತರಕ್ಕೆ ಸಹಕರಿಸುವುದಾಗಿ ಪ್ರಕಟಿಸಿದರು. ನವೆಂಬರ್ 1ರಂದು ವಿರೋಧ ಪಕ್ಷಗಳ ಒಕ್ಕೂಟದ ನಾಯಕ, ವೃತ್ತಿಯಿಂದ ವಕೀಲರಾದ ಡುಮಾ ಬೋಕೊ ಪ್ರಮಾಣ ವಚನ ಸ್ವೀಕರಿಸಿದರು. ಸೈನ್ಯ ಬೀದಿಗಿಳಿಯಲಿಲ್ಲ, ರಕ್ತ ಹರಿಯಲಿಲ್ಲ. ಆರು ದಶಕಗಳ ಆಳ್ವಿಕೆ ಎರಡೇ ದಿನಗಳಲ್ಲಿ ಮುಗಿದು ಹೋಯಿತು.

ಆದರೆ ಹತ್ತು ತಿಂಗಳು ಕಳೆಯುವಷ್ಟರಲ್ಲಿ, 2025ರ ಆಗಸ್ಟ್‌ನಲ್ಲಿ, ಇದೇ ಬೋಕೊ ದೂರದರ್ಶನದಲ್ಲಿ ಕಾಣಿಸಿಕೊಂಡು ದೇಶದಲ್ಲಿ ಸಾರ್ವಜನಿಕ ಆರೋಗ್ಯ ತುರ್ತು ಪರಿಸ್ಥಿತಿಯನ್ನು ಘೋಷಿಸಬೇಕಾಯಿತು. ಯಾವ ಸಾಂಕ್ರಾಮಿಕ ರೋಗವೂ ಹಬ್ಬಿರಲಿಲ್ಲ. ಸರ್ಕಾರಿ ಆಸ್ಪತ್ರೆಗಳಲ್ಲಿ ಔಷಧಿ ತೀರಿಹೋಗಿತ್ತು. ಇದ್ದಬದ್ದ ಔಷಧಿಯನ್ನು ಊರೂರಿಗೆ ತಲುಪಿಸುವ ಹೊಣೆಯನ್ನು ಸೈನ್ಯದ ಮೇಲ್ವಿಚಾರಣೆಗೆ ಒಪ್ಪಿಸಲಾಯಿತು. ಆಫ್ರಿಕಾದಲ್ಲಿ ಎಲ್ಲರಿಗಿಂತ ಮೊದಲು, 2002ರಲ್ಲೇ, ಎಚ್‌ಐವಿ ಸೋಂಕಿತರಿಗೆ ಸರ್ಕಾರದ ವೆಚ್ಚದಲ್ಲಿ ಉಚಿತ ಚಿಕಿತ್ಸೆ ಆರಂಭಿಸಿದ ದೇಶ ಇದು. ಉತ್ತಮ ಆಡಳಿತಕ್ಕೆ ಆಫ್ರಿಕಾದ ಮಾದರಿ ಎಂದು ಅರ್ಥಶಾಸ್ತ್ರದ ಪಠ್ಯಗಳಲ್ಲಿ ಹೆಸರಿಸಲ್ಪಟ್ಟ ದೇಶವೂ ಹೌದು. ಅಂತಹ ದೇಶಕ್ಕೆ ಮಾತ್ರೆ ಕೊಳ್ಳಲೂ ಹಣ ಸಾಲದ ಸ್ಥಿತಿ ಏಕೆ ಬಂತು? ಈ ಪ್ರಶ್ನೆಗೆ ಉತ್ತರ ಹುಡುಕುವುದು ಬೋಟ್ಸ್ವಾನಾಕ್ಕಷ್ಟೇ ಅಲ್ಲ, ನೆಲದಡಿಯ ಸಂಪತ್ತನ್ನು ನೆಚ್ಚಿಕೊಂಡ ಎಲ್ಲ ಸಮಾಜಗಳಿಗೂ ಅಗತ್ಯ.

ಮಳೆಯೇ ಹಣವಾದ ನಾಡು

ಬೋಟ್ಸ್ವಾನಾದ ವಿಸ್ತೀರ್ಣ ಸುಮಾರು 5.8 ಲಕ್ಷ ಚದರ ಕಿಲೋಮೀಟರ್. ಅಂದರೆ ಕರ್ನಾಟಕದ ಮೂರು ಪಟ್ಟು. ಜನಸಂಖ್ಯೆಯಾದರೋ 25 ಲಕ್ಷದ ಆಸುಪಾಸು. ಬೆಂಗಳೂರು ಮಹಾನಗರದ ಕಾಲು ಭಾಗಕ್ಕೂ ಕಡಿಮೆ. ದೇಶದ ಮೂರನೇ ಎರಡು ಭಾಗಕ್ಕಿಂತ ಹೆಚ್ಚಿನ ನೆಲವನ್ನು ಕಲಹಾರಿಯ ಮರಳು ಆವರಿಸಿದೆ. ಕಲಹಾರಿ ಎಂದರೆ ನಮ್ಮ ಥಾರ್ ಮರುಭೂಮಿಯಂತೆ ಬರಿಯ ದಿಣ್ಣೆಗಳ ಸಾಲಲ್ಲ. ಹುಲ್ಲು, ಮುಳ್ಳುಪೊದೆ, ಜಾಲಿಯ ಜಾತಿಯ ಮರಗಳು ಅಲ್ಲಿವೆ. ಇಲ್ಲದಿರುವುದು ನೆಲದ ಮೇಲೆ ನಿಲ್ಲುವ ನೀರು ಮಾತ್ರ. ನಾಲ್ಕೂ ದಿಕ್ಕಿನಲ್ಲಿ ಅನ್ಯ ದೇಶಗಳೇ ಸುತ್ತುವರಿದಿರುವ ಈ ನಾಡಿಗೆ ಸಮುದ್ರದ ಸಂಪರ್ಕವಿಲ್ಲ. ಜನರಲ್ಲಿ ಬಹುಪಾಲು ಮಂದಿ ವಾಸಿಸುವುದು ಪೂರ್ವದ ಗಡಿಯುದ್ದಕ್ಕೂ ರೈಲುಹಾದಿ ಹಾಯ್ದುಹೋಗುವ, ಸ್ವಲ್ಪ ಹೆಚ್ಚು ಮಳೆ ಬೀಳುವ ಕಿರಿದಾದ ಪಟ್ಟಿಯಲ್ಲಿ.

ವಾಯವ್ಯಕ್ಕೆ ಹೋದರೆ ಚಿತ್ರವೇ ಬೇರೆ. ಅಂಗೋಲಾದ ಎತ್ತರದ ನಾಡಿನಲ್ಲಿ ಹುಟ್ಟುವ ಒಕವಾಂಗೊ ನದಿ ನಮೀಬಿಯಾದ ಕಿರುಪಟ್ಟಿಯನ್ನು ದಾಟಿ ಬೋಟ್ಸ್ವಾನಾವನ್ನು ಹೊಕ್ಕು, ಸಮುದ್ರವನ್ನು ಸೇರದೆ ಮರಳಿನಲ್ಲೇ ಹರಡಿ ಇಂಗುತ್ತದೆ. ಅಂಗೋಲಾದಲ್ಲಿ ವರ್ಷಾರಂಭದಲ್ಲಿ ಸುರಿದ ಮಳೆಯ ನೀರು ಇಲ್ಲಿಗೆ ತಲುಪಿ ಉಕ್ಕುವುದು ಜೂನ್‌ನಿಂದ ಆಗಸ್ಟ್‌ವರೆಗಿನ ಒಣ ಹವೆಯಲ್ಲಿ. ಸುತ್ತಲ ನೆಲ ಬಾಯಾರಿದಾಗ ಈ ನೀರು ಬರುವುದರಿಂದಲೇ ಆನೆ, ಕಾಡೆಮ್ಮೆ, ಜಿಂಕೆಗಳ ಹಿಂಡುಗಳು ಅಲ್ಲಿ ನೆರೆಯುತ್ತವೆ. 2014ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಗೆ ಸಾವಿರದ ತಾಣವಾಗಿ ಸೇರಿದ್ದು ಈ ಮುಖಜಭೂಮಿ. ಜಗತ್ತಿನಲ್ಲಿ ಅತಿ ಹೆಚ್ಚು ಆನೆಗಳಿರುವ ದೇಶವೂ ಬೋಟ್ಸ್ವಾನಾವೇ. ಅವುಗಳ ಸಂಖ್ಯೆ 1.3 ಲಕ್ಷವನ್ನು ಮೀರುತ್ತದೆ.

ನೀರಿನ ಮಹತ್ವ ಈ ನಾಡಿನ ಭಾಷೆಯಲ್ಲೇ ಹಾಸುಹೊಕ್ಕಾಗಿದೆ. ಸೆಟ್ಸ್ವಾನಾ ಭಾಷೆಯಲ್ಲಿ 'ಪೂಲಾ' ಎಂದರೆ ಮಳೆ. ಸಭೆಯ ಕೊನೆಯಲ್ಲಿ ಜನ ಕೂಗುವ ಶುಭ ನುಡಿಯೂ ಅದೇ, ರಾಷ್ಟ್ರಲಾಂಛನದ ಮೇಲಿರುವ ಧ್ಯೇಯವಾಕ್ಯವೂ ಅದೇ. 1976ರಲ್ಲಿ ದಕ್ಷಿಣ ಆಫ್ರಿಕಾದ ರ‍್ಯಾಂಡನ್ನು ತೊರೆದು ತನ್ನದೇ ನಾಣ್ಯವನ್ನು ಚಲಾವಣೆಗೆ ತಂದಾಗ ದೇಶ ಅದಕ್ಕಿಟ್ಟ ಹೆಸರೂ ಪೂಲಾ. ಮಳೆಯನ್ನು ನೆಚ್ಚಿ ಬದುಕುವುದೆಂದರೆ ಒಳ್ಳೆಯ ವರ್ಷದಲ್ಲಿ ಕೆಟ್ಟ ವರ್ಷಕ್ಕೆಂದು ಕೂಡಿಡುವುದು. ಈ ವಿವೇಕವನ್ನು ಟ್ಸ್ವಾನಾ ಜನ ಬಲು ಹಿಂದೆಯೇ ಕಲಿತಿದ್ದರು. ಊರಿನಲ್ಲೊಂದು ಮನೆ, ದೂರದಲ್ಲಿ ಬೇಸಾಯದ ನೆಲ, ಅದಕ್ಕೂ ಆಚೆ ದನಗಳ ಮೇವುತಾಣ ಎಂದು ಬದುಕನ್ನು ಮೂರು ನೆಲೆಗಳಲ್ಲಿ ಹಂಚಿಕೊಂಡಿದ್ದರು. ಉಳ್ಳವರು ಬಡವರಿಗೆ ದನಗಳನ್ನು ಸಾಕಲು ಕೊಡುವ, ಸಾಕಿದವರು ಹಾಲನ್ನೂ ಉಳುಮೆಯ ಅನುಕೂಲವನ್ನೂ ಪಡೆಯುವ 'ಮಾಫಿಸಾ' ಎಂಬ ಪದ್ಧತಿ ಅಲ್ಲಿತ್ತು. ಬರ ಬಂದರೆ ಒಬ್ಬನ ಮಂದೆಯೆಲ್ಲ ಒಂದೇ ಕಡೆ ಸಾಯದಿರಲಿ ಎಂಬ ಲೆಕ್ಕಾಚಾರವೂ ಅದರ ಹಿಂದಿತ್ತು.

ಮೂವರು ಅರಸರ ಪ್ರಯಾಣ

ಬೋಟ್ಸ್ವಾನಾದ ರಾಜಕೀಯ ಸಂಸ್ಕೃತಿಯನ್ನು ಅರಿಯಬೇಕಾದರೆ 'ಖೊಟ್ಲಾ'ವನ್ನು ಅರಿಯಬೇಕು. ಮುಖ್ಯಸ್ಥನ ನಿವಾಸದ ಬಳಿ ಮರದ ಕಂಬಗಳನ್ನು ಅರ್ಧಚಂದ್ರಾಕಾರದಲ್ಲಿ ನೆಟ್ಟು ಮಾಡಿದ ಬಯಲು ಸಭಾಸ್ಥಾನ ಅದು. ನಮ್ಮ ಊರಕಟ್ಟೆಗೆ ಹೋಲಿಸಬಹುದು. ನ್ಯಾಯ ತೀರ್ಮಾನವಾಗುವುದು, ಸಾರ್ವಜನಿಕ ವಿಷಯಗಳು ಚರ್ಚೆಗೆ ಬರುವುದು ಅಲ್ಲೇ. ಅಲ್ಲಿ ಆಡಿದ ಮಾತೆಲ್ಲವೂ ಕೇಳಲು ಯೋಗ್ಯ ಎಂಬುದು ಒಂದು ಗಾದೆಯ ತಾತ್ಪರ್ಯ. ಅರಸ ಅರಸನಾಗುವುದು ಜನರಿಂದಲೇ ಎಂಬುದು ಇನ್ನೊಂದರದು. ಇದನ್ನು ಆದರ್ಶ ಪ್ರಜಾಪ್ರಭುತ್ವ ಎಂದು ಕೊಂಡಾಡಬೇಕಾಗಿಲ್ಲ. ಹೆಂಗಸರಿಗೂ ಅಧೀನ ಸಮುದಾಯಗಳಿಗೂ ಅಲ್ಲಿ ಬಹುಕಾಲ ದನಿ ಇರಲಿಲ್ಲ. ಆದರೂ ಆಳುವವನು ಜನರೆದುರು ಕುಳಿತು ಟೀಕೆಯನ್ನು ಕೇಳಿಸಿಕೊಳ್ಳಬೇಕೆಂಬ ರೂಢಿ ಅಲ್ಲಿ ಗಟ್ಟಿಯಾಗಿ ಉಳಿದುಬಂತು.

1885ರಲ್ಲಿ ಬ್ರಿಟನ್ ಈ ಪ್ರದೇಶವನ್ನು ಬೆಚುವಾನಾಲ್ಯಾಂಡ್ ಎಂಬ ಹೆಸರಿನಲ್ಲಿ ತನ್ನ ರಕ್ಷಣೆಗೆ ತೆಗೆದುಕೊಂಡಿತು. ಹತ್ತು ವರ್ಷಗಳ ನಂತರ ಅದನ್ನು ಸೆಸಿಲ್ ರೋಡ್ಸ್‌ನ ಬ್ರಿಟಿಷ್ ಸೌತ್ ಆಫ್ರಿಕಾ ಕಂಪನಿಗೆ ವಹಿಸಿಕೊಡುವ ಯೋಜನೆ ಸಿದ್ಧವಾಯಿತು. ಕಂಪನಿ ಆಳ್ವಿಕೆಯೆಂದರೆ ಏನೆಂಬುದು ಭಾರತೀಯರಿಗೆ ಹೇಳಿಕೊಡಬೇಕಾದ ಸಂಗತಿಯಲ್ಲ. 1895ರಲ್ಲಿ ಮೂರನೆಯ ಖಾಮಾ, ಸೆಬೆಲೆ ಮತ್ತು ಬಾತೊಯೆನ್ ಎಂಬ ಮೂವರು ಅರಸರು ಹಡಗನ್ನೇರಿ ಇಂಗ್ಲೆಂಡಿಗೆ ಹೋದರು. ಊರಿಂದೂರಿಗೆ ತಿರುಗಿ, ಚರ್ಚುಗಳಲ್ಲೂ ಸಭಾಭವನಗಳಲ್ಲೂ ತಮ್ಮ ಅಹವಾಲನ್ನು ಹೇಳಿಕೊಂಡು, ವಸಾಹತು ಸಚಿವ ಜೋಸೆಫ್ ಚೇಂಬರ್ಲೇನ್‌ರ ಮುಂದೆ ವಾದ ಮಂಡಿಸಿದರು. ರೈಲುಹಾದಿಗಾಗಿ ಪೂರ್ವದ ಒಂದು ಪಟ್ಟಿಯನ್ನು ಬಿಟ್ಟುಕೊಟ್ಟು ಉಳಿದ ನಾಡನ್ನು ಕಂಪನಿಯ ಹಿಡಿತದಿಂದ ಪಾರುಮಾಡಿದರು. ಅದೇ ವರ್ಷದ ಕೊನೆಯಲ್ಲಿ ಟ್ರಾನ್ಸ್‌ವಾಲ್‌ನ ಮೇಲೆ ಜೇಮ್ಸನ್ ನಡೆಸಿದ ವಿಫಲ ದಾಳಿಯಿಂದ ರೋಡ್ಸ್‌ನ ವರ್ಚಸ್ಸು ಕುಗ್ಗಿದ್ದೂ ಅವರ ನೆರವಿಗೆ ಬಂತು. ಆ ಪ್ರಯಾಣ ನಡೆಯದಿದ್ದಲ್ಲಿ ಬೋಟ್ಸ್ವಾನಾ ಪ್ರಾಯಶಃ ರೊಡೇಷಿಯಾದ ಇನ್ನೊಂದು ತುಂಡಾಗಿರುತ್ತಿತ್ತು.

ಹಾಗೆಂದು ಬ್ರಿಟನ್ ಈ ನಾಡಿಗೆ ಹೆಚ್ಚೇನನ್ನೂ ಮಾಡಲಿಲ್ಲ. ಸುಮಾರು ಏಳು ದಶಕಗಳ ಕಾಲ ಇದರ ಆಡಳಿತ ಕೇಂದ್ರವಿದ್ದದ್ದು ದೇಶದ ಗಡಿಯ ಹೊರಗೆ, ದಕ್ಷಿಣ ಆಫ್ರಿಕಾದ ಮಫೆಕಿಂಗ್ ಪಟ್ಟಣದಲ್ಲಿ. ಸ್ವಾತಂತ್ರ್ಯದ ಹೊಸ್ತಿಲಲ್ಲಿ ಗ್ಯಾಬೊರೋನ್ ಎಂಬ ರಾಜಧಾನಿಯನ್ನು ಬಯಲಲ್ಲಿ ಹೊಸದಾಗಿ ಕಟ್ಟಬೇಕಾಯಿತು. 1966ರ ಸೆಪ್ಟೆಂಬರ್ 30ರಂದು ಸ್ವತಂತ್ರವಾದಾಗ ದೇಶದಲ್ಲಿದ್ದ ಡಾಂಬರು ರಸ್ತೆ ಸುಮಾರು 12 ಕಿಲೋಮೀಟರ್. ಪದವೀಧರರು 22 ಮಂದಿ. ತಲಾ ಆದಾಯ ವರ್ಷಕ್ಕೆ ಸುಮಾರು 70 ಡಾಲರ್ ಎಂದು ಅಂದಾಜಿಸಲಾಗಿತ್ತು. ಭೀಕರ ಬರದಿಂದ ದನಗಳ ಹಿಂಡುಗಳು ನಾಶವಾಗಿದ್ದವು. ಸರ್ಕಾರದ ದಿನನಿತ್ಯದ ಖರ್ಚಿಗೂ ಬ್ರಿಟನ್ನಿನ ಅನುದಾನವೇ ಗತಿ. ದಕ್ಷಿಣಕ್ಕೆ ವರ್ಣಭೇದ ನೀತಿಯ ದಕ್ಷಿಣ ಆಫ್ರಿಕಾ, ಪಶ್ಚಿಮಕ್ಕೆ ಅದರ ಹಿಡಿತದಲ್ಲಿದ್ದ ನಮೀಬಿಯಾ, ಈಶಾನ್ಯಕ್ಕೆ ಬಿಳಿಯರ ರೊಡೇಷಿಯಾ. ಇಂತಹ ದೇಶ ಬಾಳೀತೆಂದು ನಂಬಿದವರು ವಿರಳ.

ಗಣಿ ಯಾರ ಸ್ವತ್ತು?

ಈ ದೇಶವನ್ನು ಕಟ್ಟಿದ ಸೆರೆಟ್ಸೆ ಖಾಮಾ, ಇಂಗ್ಲೆಂಡಿಗೆ ಹೋಗಿದ್ದ ಆ ಮೂರನೆಯ ಖಾಮಾನ ಮೊಮ್ಮಗ, ಬಾಂಗ್ವಾಟೊ ಕುಲದ ಉತ್ತರಾಧಿಕಾರಿ. ಲಂಡನ್‌ನಲ್ಲಿ ಕಾನೂನು ಓದುತ್ತಿದ್ದಾಗ 1948ರಲ್ಲಿ ಅವರು ರೂತ್ ವಿಲಿಯಮ್ಸ್ ಎಂಬ ಬಿಳಿಯ ಮಹಿಳೆಯನ್ನು ವರಿಸಿದರು. ಅದೇ ವರ್ಷ ದಕ್ಷಿಣ ಆಫ್ರಿಕಾದಲ್ಲಿ ವರ್ಣಭೇದವಾದಿಗಳು ಅಧಿಕಾರ ಹಿಡಿದಿದ್ದರು. ಸೆರೋವೆ ಊರಿನ ಖೊಟ್ಲಾದಲ್ಲಿ ಸಭೆಯ ಮೇಲೆ ಸಭೆ ಸೇರಿತು. ಚಿಕ್ಕಪ್ಪ ಟ್ಶೆಕೆಡಿ ಖಾಮಾ ಮದುವೆಯನ್ನು ತೀವ್ರವಾಗಿ ವಿರೋಧಿಸಿದರು. ಮೊದಲು ವಿರುದ್ಧವಾಗಿದ್ದ ಜನಾಭಿಪ್ರಾಯ 1949ರ ಹೊತ್ತಿಗೆ ಸೆರೆಟ್ಸೆಯ ಕಡೆಗೆ ವಾಲಿತು. ಜನ ಒಪ್ಪಿದರೂ ಬ್ರಿಟನ್ ಒಪ್ಪಲಿಲ್ಲ. ದಕ್ಷಿಣ ಆಫ್ರಿಕಾದ ಯುರೇನಿಯಂ ಮತ್ತು ಚಿನ್ನ ಅದಕ್ಕೆ ಬೇಕಾಗಿತ್ತು. ಸೆರೆಟ್ಸೆಯನ್ನು ಗಡಿಪಾರು ಮಾಡಲಾಯಿತು. 1956ರಲ್ಲಿ ಅರಸೊತ್ತಿಗೆಯ ಹಕ್ಕನ್ನು ತ್ಯಜಿಸಿ ಸಾಮಾನ್ಯ ಪ್ರಜೆಯಾಗಿ ಅವರು ಮರಳಿದರು. 1962ರಲ್ಲಿ ಪಕ್ಷ ಕಟ್ಟಿದರು. 1966ರಲ್ಲಿ ಮೊದಲ ಅಧ್ಯಕ್ಷರಾದರು.

ಸ್ವಾತಂತ್ರ್ಯದ ಮರುವರ್ಷ, 1967ರಲ್ಲಿ, ಅವರ ಸರ್ಕಾರ ಗಣಿ ಮತ್ತು ಖನಿಜ ಕಾಯ್ದೆಯನ್ನು ತಂದಿತು. ಅಲ್ಲಿಯವರೆಗೆ ಆಯಾ ಕುಲದ ನೆಲದಡಿಯ ಖನಿಜ ಆಯಾ ಕುಲಕ್ಕೆ ಸೇರಿದ್ದಾಗಿತ್ತು. ಹೊಸ ಕಾಯ್ದೆ ಆ ಹಕ್ಕನ್ನು ಇಡೀ ರಾಷ್ಟ್ರದ ಪರವಾಗಿ ಸರ್ಕಾರಕ್ಕೆ ವಹಿಸಿತು. ಒರಾಪಾದಲ್ಲಿ ಡಿ ಬಿಯರ್ಸ್ ಕಂಪನಿಯ ಶೋಧಕರಿಗೆ ವಜ್ರದ ನಿಕ್ಷೇಪ ಸಿಕ್ಕಿದ್ದೂ ಅದೇ ವರ್ಷ. ಒರಾಪಾ ಇದ್ದದ್ದು ಅಧ್ಯಕ್ಷರ ಸ್ವಂತ ಕುಲವಾದ ಬಾಂಗ್ವಾಟೊಗಳ ನೆಲದಲ್ಲಿ. ಅಂದರೆ ಕಾಯ್ದೆಯಿಂದ ಎಲ್ಲರಿಗಿಂತ ಹೆಚ್ಚು ಕಳೆದುಕೊಂಡದ್ದು ಕಾಯ್ದೆ ತಂದವರ ಕುಲವೇ. ಇದು ಬೋಟ್ಸ್ವಾನಾದ ಇತಿಹಾಸದ ನಿರ್ಣಾಯಕ ಘಟ್ಟ. ಕಾಂಗೊ, ಸಿಯೆರಾ ಲಿಯೋನ್, ಅಂಗೋಲಾಗಳಲ್ಲಿ ವಜ್ರ ಸಿಕ್ಕ ಪ್ರದೇಶ ಯಾರದೆಂಬ ಪ್ರಶ್ನೆ ಬಂದೂಕಿನಿಂದ ತೀರ್ಮಾನವಾಯಿತು. ಬೋಟ್ಸ್ವಾನಾದಲ್ಲಿ ಆ ಪ್ರಶ್ನೆ ಏಳುವ ಮೊದಲೇ ಕಾನೂನು ಅದನ್ನು ಇತ್ಯರ್ಥಗೊಳಿಸಿತ್ತು.

ಒರಾಪಾ ಗಣಿ 1971ರಲ್ಲಿ ಆರಂಭವಾಯಿತು. ಆರಂಭದಲ್ಲಿ ಸರ್ಕಾರದ ಪಾಲು ಕೇವಲ ಶೇ. 15. ದಕ್ಷಿಣದ ಜ್ವನೆಂಗ್‌ನಲ್ಲಿ ಮರಳಿನ ದಪ್ಪ ಪದರದ ಅಡಿ ಇನ್ನೂ ಶ್ರೀಮಂತ ನಿಕ್ಷೇಪ ಪತ್ತೆಯಾದ ಮೇಲೆ ಸರ್ಕಾರ ಮತ್ತೆ ಮಾತುಕತೆಗೆ ಕುಳಿತು, ತನ್ನ ಪಾಲನ್ನು 1970ರ ದಶಕದ ನಡುವೆ ಶೇ. 50ಕ್ಕೆ ಏರಿಸಿಕೊಂಡಿತು. ಆ ಪಾಲುದಾರಿಕೆಯೇ ಇಂದಿನ ಡೆಬ್ಸ್ವಾನಾ ಕಂಪನಿ. 1982ರಲ್ಲಿ ಕೆಲಸ ಆರಂಭಿಸಿದ ಜ್ವನೆಂಗ್, ಮೌಲ್ಯದ ದೃಷ್ಟಿಯಿಂದ ಜಗತ್ತಿನ ಅತ್ಯಂತ ಶ್ರೀಮಂತ ವಜ್ರದ ಗಣಿ ಎನಿಸಿತು. ತೆರಿಗೆ, ರಾಜಧನ, ಲಾಭಾಂಶ ಎಲ್ಲವೂ ಸೇರಿ ಡೆಬ್ಸ್ವಾನಾದ ಲಾಭದಲ್ಲಿ ಸುಮಾರು ಶೇ. 80 ಸರ್ಕಾರಕ್ಕೆ ಸಲ್ಲುತ್ತದೆಂದು ಲೆಕ್ಕ ಹಾಕಲಾಗಿದೆ.

ಹಣ ಬಂದ ಮೇಲೆ ಅದನ್ನು ಖರ್ಚು ಮಾಡಿದ ಬಗೆಯೂ ಗಮನಾರ್ಹ. ದೀರ್ಘಕಾಲ ಹಣಕಾಸು ಸಚಿವರಾಗಿದ್ದು, 1980ರಲ್ಲಿ ಸೆರೆಟ್ಸೆ ನಿಧನರಾದ ಮೇಲೆ ಅಧ್ಯಕ್ಷರಾದ ಕೆಟ್ ಮಸೀರೆ ಈ ಶಿಸ್ತಿನ ಶಿಲ್ಪಿ. ರಾಷ್ಟ್ರೀಯ ಅಭಿವೃದ್ಧಿ ಯೋಜನೆಯಲ್ಲಿ ಸೇರದ ಯಾವ ಕಾಮಗಾರಿಯನ್ನೂ ಸಂಸತ್ತಿನ ಒಪ್ಪಿಗೆಯಿಲ್ಲದೆ ಕೈಗೊಳ್ಳುವಂತಿರಲಿಲ್ಲ. ಖನಿಜದಿಂದ ಬಂದ ಹಣವನ್ನು ರಸ್ತೆ, ಶಾಲೆ, ಆಸ್ಪತ್ರೆಗಳಂತಹ ಬಾಳುವ ಆಸ್ತಿಗೆ ಮಾತ್ರ ಬಳಸಬೇಕು, ದಿನದ ಖರ್ಚನ್ನು ಇತರ ಆದಾಯದಿಂದ ನಿಭಾಯಿಸಬೇಕು ಎಂಬ ಅಳತೆಗೋಲನ್ನು 1990ರ ದಶಕದಲ್ಲಿ ರೂಢಿಗೆ ತರಲಾಯಿತು. ಉಳಿದದ್ದನ್ನು ಮುಂದಿನ ತಲೆಮಾರಿಗೆಂದು ಪೂಲಾ ನಿಧಿಯಲ್ಲಿ ಕೂಡಿಡಲಾಯಿತು. ಆಡಳಿತದಲ್ಲಿ ಕಾಲ ಕಳೆದವರಿಗೆ ಗೊತ್ತು, ಖಜಾನೆ ತುಂಬಿರುವಾಗ 'ಇಲ್ಲ' ಎನ್ನುವುದು ಖಾಲಿಯಿರುವಾಗ ಹೇಳುವುದಕ್ಕಿಂತ ಕಷ್ಟ. ಬೋಟ್ಸ್ವಾನಾದ ಅಧಿಕಾರಿಗಳು ಅದನ್ನು ಹೇಳಬಲ್ಲವರಾಗಿದ್ದರು. ಪರಿಣಾಮವಾಗಿ ಸ್ವಾತಂತ್ರ್ಯದ ನಂತರದ ಮೂರು ದಶಕಗಳಲ್ಲಿ ಜಗತ್ತಿನಲ್ಲೇ ಅತಿ ವೇಗವಾಗಿ ಬೆಳೆದ ಆರ್ಥಿಕತೆಗಳ ಸಾಲಿನಲ್ಲಿ ಈ ದೇಶ ನಿಂತಿತು. 1994ರಲ್ಲಿ ವಿಶ್ವಸಂಸ್ಥೆಯ ಅತಿ ಹಿಂದುಳಿದ ದೇಶಗಳ ಪಟ್ಟಿಯಿಂದ ಮೇಲೇರಿ ಹೊರಬಂದ ಮೊದಲ ರಾಷ್ಟ್ರವಾಯಿತು.

ಈ ಉಳಿತಾಯ ಎಷ್ಟು ಅಮೂಲ್ಯವಾಗಿತ್ತೆಂಬುದು ಏಡ್ಸ್ ಬಂದಾಗ ತಿಳಿಯಿತು. 2000ದ ದಶಕದ ಆರಂಭದಲ್ಲಿ ವಯಸ್ಕರ ಪೈಕಿ ನಾಲ್ವರಲ್ಲಿ ಒಬ್ಬರಿಗಿಂತ ಹೆಚ್ಚು ಜನ ಸೋಂಕಿತರಾಗಿದ್ದರು. ಸರಾಸರಿ ಆಯುಷ್ಯ ಹತ್ತು ವರ್ಷಕ್ಕೂ ಹೆಚ್ಚು ಕುಸಿದಿತ್ತು. ನೆರೆಯ ದಕ್ಷಿಣ ಆಫ್ರಿಕಾದ ಅಧ್ಯಕ್ಷರು ರೋಗದ ಕಾರಣವನ್ನೇ ಸಂಶಯಿಸುತ್ತಿದ್ದಾಗ, ಬೋಟ್ಸ್ವಾನಾದ ಅಧ್ಯಕ್ಷ ಫೆಸ್ಟಸ್ ಮೊಗಾಯೆ ವಿದೇಶಿ ದಾನಿಗಳ ನೆರವಿನ ಜೊತೆಗೆ ವಜ್ರದ ಹಣವನ್ನೂ ತೊಡಗಿಸಿ ಉಚಿತ ಚಿಕಿತ್ಸೆಗೆ ಚಾಲನೆ ಕೊಟ್ಟರು. ಒಂದು ತಲೆಮಾರು ಉಳಿಯಿತು.

ಸೂರತ್ತಿನ ಪ್ರಯೋಗಾಲಯ, ಗ್ಯಾಬೊರೋನ್‌ನ ಖಜಾನೆ

ಇಷ್ಟೆಲ್ಲ ಸರಿಯಿದ್ದ ಮೇಲೆ ತಪ್ಪಿದ್ದೆಲ್ಲಿ? ದುರಾಡಳಿತ ಎಂಬುದು ಸುಲಭದ ಉತ್ತರ. ಕಳೆದ ದಶಕದ ಸರ್ಕಾರಗಳ ಮೇಲೆ ಸ್ವಜನಪಕ್ಷಪಾತದ, ದುಂದುವೆಚ್ಚದ ಆರೋಪಗಳು ಬಂದದ್ದು ನಿಜ. ಆದರೆ ಮೂಲ ಕಾರಣ ಅದಲ್ಲ. ರಫ್ತಿನ ಸುಮಾರು ಶೇ. 80, ಸರ್ಕಾರದ ಆದಾಯದ ಸುಮಾರು ಮೂರನೇ ಒಂದು ಭಾಗ ಒಂದೇ ಕಲ್ಲಿನಿಂದ ಬರುತ್ತಿತ್ತು. ಆ ಕಲ್ಲಿಗೆ ಬೆಲೆ ಬರುವುದು ಅದರ ಉಪಯೋಗದಿಂದಲ್ಲ, ಅದು ಅಪರೂಪ ಎಂಬ ನಂಬಿಕೆಯಿಂದ. ಆ ನಂಬಿಕೆಯನ್ನು ಪ್ರಯೋಗಾಲಯದ ವಜ್ರ ಅಲುಗಾಡಿಸಿತು.

ಇಲ್ಲಿ ಭಾರತದ ಪಾತ್ರ ದೊಡ್ಡದು. ಜಗತ್ತಿನ ಹತ್ತು ವಜ್ರಗಳಲ್ಲಿ ಸುಮಾರು ಒಂಬತ್ತಕ್ಕೆ ಸಾಣೆ ಹಿಡಿಯುವುದು ಭಾರತದಲ್ಲಿ, ಅದರಲ್ಲೂ ಬಹುಮಟ್ಟಿಗೆ ಸೂರತ್ತಿನಲ್ಲಿ. ಬೋಟ್ಸ್ವಾನಾದ ಕಲ್ಲು ಸೂರತ್ತಿನ ಕುಶಲಕರ್ಮಿಗಳ ಕೈ ಹಾಯ್ದೇ ನ್ಯೂಯಾರ್ಕಿನ ಅಂಗಡಿಯನ್ನು ಸೇರುತ್ತಿತ್ತು. ಅದೇ ಸೂರತ್ತು ಈಗ ಪ್ರಯೋಗಾಲಯದ ವಜ್ರದ ಪ್ರಮುಖ ನೆಲೆಗಳಲ್ಲೊಂದು. ತೆಳುವಾದ ವಜ್ರದ ಬಿಲ್ಲೆಯನ್ನು ಬೀಜವಾಗಿರಿಸಿ, ಇಂಗಾಲವಿರುವ ಅನಿಲವನ್ನು ಯಂತ್ರದೊಳಗೆ ಕಾಯಿಸಿ, ಪದರದ ಮೇಲೆ ಪದರ ಬೆಳೆಸುವ ತಂತ್ರವದು. ಕೋಟ್ಯಂತರ ವರ್ಷಗಳಲ್ಲಿ ಭೂಮಿ ಮಾಡಿದ್ದನ್ನು ಕೆಲವೇ ವಾರಗಳಲ್ಲಿ ಮಾಡಬಹುದು. ಬರಿಗಣ್ಣಿಗೆ ಎರಡಕ್ಕೂ ವ್ಯತ್ಯಾಸ ಕಾಣದು. 2023–24ರ ಕೇಂದ್ರ ಮುಂಗಡಪತ್ರದಲ್ಲಿ ಈ ಬೀಜಗಳ ಮೇಲಿನ ಆಮದು ಸುಂಕ ಇಳಿಸಿ, ಸಂಶೋಧನೆಗೆ ಐದು ವರ್ಷಗಳ ಅನುದಾನ ಘೋಷಿಸಲಾಯಿತು. 2023ರ ಜೂನ್‌ನಲ್ಲಿ ಪ್ರಧಾನಿ ನರೇಂದ್ರ ಮೋದಿ ಅಮೆರಿಕಕ್ಕೆ ಭೇಟಿ ನೀಡಿದಾಗ ಅಲ್ಲಿನ ಅಧ್ಯಕ್ಷರ ಪತ್ನಿಗೆ ಉಡುಗೊರೆಯಾಗಿ ಕೊಟ್ಟದ್ದು ಇಂತಹ ಒಂದು ವಜ್ರವನ್ನೇ. ಭಾರತದ ಹಿತದೃಷ್ಟಿಯಿಂದ ಇದರಲ್ಲಿ ತಪ್ಪೇನಿಲ್ಲ. ಆದರೆ ಅದರ ಪೆಟ್ಟು ಎಲ್ಲಿ ಬಿತ್ತೆಂಬುದನ್ನು ನಾವು ಅರಿತಿರಬೇಕು.

ಅಮೆರಿಕದಲ್ಲಿ ನಿಶ್ಚಿತಾರ್ಥದ ಉಂಗುರ ಕೊಳ್ಳುವ ತರುಣರು ಅಗ್ಗದ ಕಲ್ಲಿಗೆ ಒಲಿದರು. ಚೀನಾದ ಬೇಡಿಕೆ ಕುಗ್ಗಿತು. ಗಣಿಯ ವಜ್ರದ ಬೆಲೆ ಇಳಿಯಿತು. ಡೆಬ್ಸ್ವಾನಾ ಉತ್ಪಾದನೆಯನ್ನು ಕಡಿತಗೊಳಿಸಿತು. 2024ರಲ್ಲಿ ಬೋಟ್ಸ್ವಾನಾದ ಆರ್ಥಿಕತೆ ಸುಮಾರು ಶೇ. 3ರಷ್ಟು ಕುಗ್ಗಿತು. ವರ್ಷದಿಂದ ವರ್ಷಕ್ಕೆ ಮುಂಗಡಪತ್ರದ ಕೊರತೆ ತುಂಬಲು ಬಳಸಿದ್ದರಿಂದ ಉಳಿತಾಯದ ಬಹುಭಾಗ ಅದಾಗಲೇ ಕರಗಿತ್ತು. ಕೆಟ್ಟ ವರ್ಷಕ್ಕೆಂದು ಕೂಡಿಟ್ಟ ಕಣಜ, ಕೆಟ್ಟ ವರ್ಷ ಬಂದಾಗ ಅರೆಖಾಲಿಯಾಗಿತ್ತು.

ಬೇರೆ ಉದ್ಯಮಗಳನ್ನು ಬೆಳೆಸುವ ಮಾತು ಅಲ್ಲಿ ನಲವತ್ತು ವರ್ಷಗಳಿಂದ ಪ್ರತಿ ಯೋಜನೆಯಲ್ಲೂ ಇತ್ತು. 1990ರ ದಶಕದಲ್ಲಿ ಗ್ಯಾಬೊರೋನ್‌ನಲ್ಲಿ ಕೊರಿಯಾದ ಕಾರುಗಳ ಜೋಡಣಾ ಕಾರ್ಖಾನೆ ತೆರೆಯಿತು. 2000ದಲ್ಲಿ ಅದು ಮುಚ್ಚಿತು. ಸೆಲೆಬಿ-ಪಿಕ್ವೆಯ ತಾಮ್ರ–ನಿಕ್ಕಲ್ ಗಣಿ 2016ರಲ್ಲಿ ನಿಂತು ಸಾವಿರಾರು ಕಾರ್ಮಿಕರು ಬೀದಿಗೆ ಬಿದ್ದರು. ಕಾರಣಗಳನ್ನು ಊಹಿಸುವುದು ಕಷ್ಟವಲ್ಲ. ಸ್ವಂತ ಮಾರುಕಟ್ಟೆ ಚಿಕ್ಕದು, ಬಂದರು ದೂರ. ದಕ್ಷಿಣ ಆಫ್ರಿಕಾದೊಡನೆ ಸುಂಕ ಒಕ್ಕೂಟವಿರುವುದರಿಂದ ಅಲ್ಲಿನ ಕಾರ್ಖಾನೆಯ ಸರಕು ಅಡೆತಡೆಯಿಲ್ಲದೆ ಒಳಬರುತ್ತದೆ. ಎಲ್ಲಕ್ಕೂ ಮಿಗಿಲಾಗಿ, ವಜ್ರದ ಹಣದಿಂದ ಸರ್ಕಾರವೇ ಅತಿ ದೊಡ್ಡ ಉದ್ಯೋಗದಾತನಾಯಿತು. ಓದಿದವರ ಗುರಿ ಸರ್ಕಾರಿ ನೌಕರಿ; ವ್ಯಾಪಾರಿಯ ಗುರಿ ಸರ್ಕಾರಿ ಗುತ್ತಿಗೆ. ಗಣಿಯಾದರೋ ಅಪಾರ ಹಣ ತರುತ್ತದೆ, ಆದರೆ ಕೆಲಸ ಕೊಡುವುದು ಕೆಲವರಿಗೆ ಮಾತ್ರ. 2024ರಲ್ಲಿ ಅಲ್ಲಿನ ನಿರುದ್ಯೋಗ ಪ್ರಮಾಣ ಶೇ. 27ನ್ನು ಮೀರಿತ್ತು. ಆದಾಯದ ಅಸಮಾನತೆಯಲ್ಲಿ ಬೋಟ್ಸ್ವಾನಾ ಜಗತ್ತಿನ ಮುಂಚೂಣಿಯ ದೇಶಗಳಲ್ಲೊಂದು. ಆಳುವ ಪಕ್ಷವನ್ನು 4 ಸ್ಥಾನಕ್ಕಿಳಿಸಿದ ಮತಗಳ ಹಿಂದಿದ್ದದ್ದು ಈ ನಿರುದ್ಯೋಗಿ ಯುವಕರ ಅಸಹನೆಯೇ.

ಮಾದರಿಯ ಹೊರಗುಳಿದವರು

ಬೋಟ್ಸ್ವಾನಾದ ಯಶೋಗಾಥೆಯನ್ನು ಹೇಳುವಾಗ ಸಾನ್ ಜನರನ್ನು ಮರೆಯುವುದು ಸಲ್ಲದು. ಬಸಾರ್ವಾ ಎಂದೂ ಕರೆಯಲಾಗುವ ಇವರು ಈ ನೆಲದ ಅತಿ ಪ್ರಾಚೀನ ನಿವಾಸಿಗಳು. ಬೇಟೆ ಮತ್ತು ಗೆಡ್ಡೆಗೆಣಸಿನ ಸಂಗ್ರಹದಿಂದ ಕಲಹಾರಿಯಲ್ಲಿ ಬದುಕಿದವರು. 1961ರಲ್ಲಿ ಬ್ರಿಟಿಷ್ ಆಡಳಿತ ಮಧ್ಯ ಕಲಹಾರಿಯ ವಿಶಾಲ ಪ್ರದೇಶವನ್ನು ವನ್ಯಧಾಮವೆಂದು ಘೋಷಿಸಿದಾಗ ಅವರ ಬದುಕಿನ ರಕ್ಷಣೆಯೂ ಅದರ ಒಂದು ಉದ್ದೇಶವಾಗಿತ್ತು. ಸ್ವತಂತ್ರ ಸರ್ಕಾರ 1997 ಮತ್ತು 2002ರಲ್ಲಿ ಅವರನ್ನು ಅಲ್ಲಿಂದ ಹೊರಗಿನ ಪುನರ್ವಸತಿ ಶಿಬಿರಗಳಿಗೆ ಸಾಗಿಸಿತು. ನೀರಿನ ಸರಬರಾಜನ್ನು ನಿಲ್ಲಿಸಿತು. ಅಭಿವೃದ್ಧಿಯ ಸೌಲಭ್ಯ ಒದಗಿಸಲೆಂದು ಸರ್ಕಾರ ಸಮರ್ಥಿಸಿಕೊಂಡರೆ, ವಜ್ರಕ್ಕಾಗಿ ಒಕ್ಕಲೆಬ್ಬಿಸಲಾಯಿತೆಂದು ವಿಮರ್ಶಕರು ಆಪಾದಿಸಿದರು.

ಸಾನ್ ಜನ ನ್ಯಾಯಾಲಯದ ಮೊರೆಹೊಕ್ಕರು. 2006ರ ಡಿಸೆಂಬರ್‌ನಲ್ಲಿ ಮೂವರು ನ್ಯಾಯಾಧೀಶರ ಪೀಠ ಬಹುಮತದಿಂದ ಅವರ ಪರ ತೀರ್ಪಿತ್ತು, ಅವರ ಒಪ್ಪಿಗೆಯಿಲ್ಲದೆ ನೆಲ ಬಿಡಿಸಿದ್ದು ಕಾನೂನುಬಾಹಿರ ಎಂದು ಸಾರಿತು. ಆ ಬಹುಮತದಲ್ಲಿದ್ದವರು ಯೂನಿಟಿ ಡೌ. ವಿದೇಶಿಯನ್ನು ಮದುವೆಯಾದ ಹೆಣ್ಣಿನ ಮಕ್ಕಳಿಗೆ ಪೌರತ್ವ ನಿರಾಕರಿಸುತ್ತಿದ್ದ ಕಾನೂನಿನ ವಿರುದ್ಧ ಸ್ವತಃ ಹೋರಾಡಿ 1992ರಲ್ಲಿ ಗೆದ್ದು, ಮುಂದೆ ಅಲ್ಲಿನ ಉಚ್ಚ ನ್ಯಾಯಾಲಯದ ಮೊದಲ ಮಹಿಳಾ ನ್ಯಾಯಾಧೀಶೆಯಾದವರು ಅವರು. ಸರ್ಕಾರ ಆ ತೀರ್ಪನ್ನು ಅತ್ಯಂತ ಸಂಕುಚಿತವಾಗಿ ಅರ್ಥೈಸಿತು. ಅರ್ಜಿಯಲ್ಲಿ ಹೆಸರಿದ್ದವರು ಮಾತ್ರ ಮರಳಬಹುದು, ಸೌಲಭ್ಯ ಕೇಳುವಂತಿಲ್ಲ ಎಂದಿತು. ತಮ್ಮದೇ ನೆಲದಲ್ಲಿ ಕೊಳವೆಬಾವಿಯ ನೀರು ಬಳಸುವ ಹಕ್ಕಿಗಾಗಿ ಅವರು ಮತ್ತೆ ಮೇಲ್ಮನವಿ ನ್ಯಾಯಾಲಯದವರೆಗೆ ಹೋಗಿ 2011ರಲ್ಲಿ ಗೆಲ್ಲಬೇಕಾಯಿತು. ಮಳೆಯನ್ನೇ ಮಂತ್ರವಾಗಿಸಿಕೊಂಡ ದೇಶದಲ್ಲಿ ನೀರಿಗಾಗಿ ವ್ಯಾಜ್ಯ ಹೂಡಬೇಕಾದದ್ದು ವಿಪರ್ಯಾಸವೇ ಸರಿ. ಖನಿಜ ಎಲ್ಲರದು ಎಂಬ 1967ರ ತತ್ತ್ವಕ್ಕೆ ಇನ್ನೊಂದು ಮುಖವೂ ಇದೆ ಎಂಬುದನ್ನು ಈ ಪ್ರಕರಣ ತೋರಿಸುತ್ತದೆ. ಬಾಂಗ್ವಾಟೊ ಕುಲ ತನ್ನ ಹಕ್ಕನ್ನು ಬಿಟ್ಟುಕೊಟ್ಟಾಗ ಅಧಿಕಾರ ಅದರ ಕೈಯಲ್ಲಿತ್ತು. ಸಾನ್ ಜನರನ್ನು ಯಾರೂ ಕೇಳಿರಲಿಲ್ಲ.

ಮುಂದಿನ ಹಾದಿ

ಬೋಕೊ ಸರ್ಕಾರದ ಮುಂದಿರುವ ಆಯ್ಕೆಗಳು ಕಠಿಣ. 2025ರ ಫೆಬ್ರವರಿಯಲ್ಲಿ ಡಿ ಬಿಯರ್ಸ್ ಜೊತೆ ಹೊಸ ಒಪ್ಪಂದವಾಯಿತು. ಅದರಂತೆ ಡೆಬ್ಸ್ವಾನಾ ತೆಗೆಯುವ ವಜ್ರದಲ್ಲಿ ಬೋಟ್ಸ್ವಾನಾದ ಸರ್ಕಾರಿ ಸಂಸ್ಥೆಯೇ ಮಾರುವ ಪಾಲು ಶೇ. 30ರಿಂದ ಆರಂಭಗೊಂಡು, ಹಂತ ಹಂತವಾಗಿ ಶೇ. 50ಕ್ಕೆ ಏರಬೇಕು. ಡಿ ಬಿಯರ್ಸ್‌ನ ಒಡೆತನವಿದ್ದ ಆಂಗ್ಲೊ ಅಮೆರಿಕನ್ ಕಂಪನಿ ಅದನ್ನು ಕೈಬಿಡುವುದಾಗಿ 2024ರ ಮೇ ತಿಂಗಳಲ್ಲಿ ಪ್ರಕಟಿಸಿತ್ತು. ಆಗ ಅದರಲ್ಲಿ ಶೇ. 15ರ ಪಾಲು ಹೊಂದಿದ್ದ ಬೋಟ್ಸ್ವಾನಾ, 2025ರಲ್ಲಿ ನಿಯಂತ್ರಣವನ್ನೇ ಪಡೆಯುವ ಇಚ್ಛೆ ವ್ಯಕ್ತಪಡಿಸಿತು. ಸ್ವಾಭಿಮಾನದ ದೃಷ್ಟಿಯಿಂದ ಇದು ಆಕರ್ಷಕ. ರೋಡ್ಸ್ ಸ್ಥಾಪಿಸಿದ ಕಂಪನಿಯನ್ನು, ರೋಡ್ಸ್‌ನಿಂದ ತಪ್ಪಿಸಿಕೊಂಡ ದೇಶ ಕೊಳ್ಳುವುದೆಂದರೆ ಇತಿಹಾಸದ ಲೆಕ್ಕ ಚುಕ್ತಾ ಆದಂತೆ ತೋರುತ್ತದೆ. ಆದರೆ ಅರ್ಥಶಾಸ್ತ್ರದ ಲೆಕ್ಕ ಬೇರೆ. ಒಂದೇ ಸರಕನ್ನು ನೆಚ್ಚಿ ಕಷ್ಟಕ್ಕೆ ಸಿಲುಕಿದ ದೇಶ, ಸಾಲ ಮಾಡಿ ಅದೇ ಸರಕಿನ ಮೇಲೆ ಇನ್ನಷ್ಟು ಹಣ ಹೂಡುವುದು ಹೊಲದ ಬೆಳೆ ಒಣಗಿದಾಗ ಪಕ್ಕದ ಒಣಹೊಲವನ್ನೂ ಕ್ರಯಕ್ಕೆ ಪಡೆದಂತೆ. ಮಾರಾಟದ ಹಕ್ಕು, ಸಾಣೆ ಹಿಡಿಯುವ ಕೆಲಸ, ತರಬೇತಿ ಇವನ್ನು ಪಡೆಯುವುದು ಬೇರೆ. ಕುಸಿಯುತ್ತಿರುವ ಮಾರುಕಟ್ಟೆಯ ಸಂಪೂರ್ಣ ಹೊಣೆ ಹೊರುವುದು ಬೇರೆ.

ಭಾರತಕ್ಕೂ ಇಲ್ಲಿ ಮಾಡಬಹುದಾದ ಕೆಲಸವಿದೆ. 2025ರ ನವೆಂಬರ್‌ನಲ್ಲಿ ರಾಷ್ಟ್ರಪತಿ ದ್ರೌಪದಿ ಮುರ್ಮು ಬೋಟ್ಸ್ವಾನಾಕ್ಕೆ ಭೇಟಿ ನೀಡಿದರು. ಭಾರತದ ರಾಷ್ಟ್ರಪತಿಯೊಬ್ಬರು ಆ ದೇಶಕ್ಕೆ ಹೋದದ್ದು ಅದೇ ಮೊದಲು. ನಮ್ಮ ಮಾಧ್ಯಮಗಳು ಅದರಲ್ಲಿ ಕಂಡದ್ದು, ಆ ಸಂದರ್ಭದಲ್ಲಿ ಸಾಂಕೇತಿಕವಾಗಿ ಹಸ್ತಾಂತರವಾದ ಎಂಟು ಚೀತಾಗಳನ್ನು ಮಾತ್ರ. ಆದರೆ ಔಷಧಿ ತೀರಿಹೋದ ದೇಶಕ್ಕೂ, ಅಗ್ಗದ ಔಷಧಿಗೆ ಹೆಸರಾದ ದೇಶಕ್ಕೂ ನಡುವೆ ಚೀತಾಗಳಿಗಿಂತ ಹೆಚ್ಚು ಉಪಯುಕ್ತವಾದ ವ್ಯವಹಾರ ಸಾಧ್ಯ. ಮಧ್ಯವರ್ತಿಗಳಿಗೆ ಹಲವು ಪಟ್ಟು ಬೆಲೆ ತೆತ್ತು ಔಷಧಿ ಕೊಳ್ಳುತ್ತಿದ್ದೇವೆಂದು ಬೋಕೊ ತುರ್ತು ಪರಿಸ್ಥಿತಿ ಸಾರುವಾಗಲೇ ಹೇಳಿದ್ದರು. ನೇರ ಖರೀದಿಯ ದೀರ್ಘಾವಧಿ ಒಪ್ಪಂದ, ಔಷಧಿ ಉತ್ಪಾದನಾ ಘಟಕ, ದಾದಿಯರ ಮತ್ತು ತಂತ್ರಜ್ಞರ ತರಬೇತಿ ಎಲ್ಲವೂ ನಮ್ಮ ಶಕ್ತಿಯೊಳಗಿನವು. ವಜ್ರದ ವ್ಯಾಪಾರದಲ್ಲಿ ಅವರೊಡನೆ ದಶಕಗಳ ಕಾಲ ಲಾಭ ಹಂಚಿಕೊಂಡ ನಾವು ಅವರ ಸಂಕಷ್ಟದ ಕಾಲದಲ್ಲಿ ದೂರ ನಿಲ್ಲುವುದು ಉಚಿತವಲ್ಲ.

ಸಂಪನ್ಮೂಲದ ಶಾಪ ಎಂಬ ಮಾತನ್ನು ಅರ್ಥಶಾಸ್ತ್ರಜ್ಞರು ಬಳಸುತ್ತಾರೆ. ಖನಿಜ ಸಿಕ್ಕಿದ ಬಡ ದೇಶ ಕಲಹ, ಭ್ರಷ್ಟಾಚಾರಗಳಲ್ಲಿ ಮುಳುಗುತ್ತದೆಂಬುದು ಅದರ ಸಾರ. ಪ್ರಾಮಾಣಿಕ ಆಡಳಿತವಿದ್ದರೆ ಆ ಶಾಪದಿಂದ ಪಾರಾಗಬಹುದೆಂದು ಬೋಟ್ಸ್ವಾನಾ ತೋರಿಸಿಕೊಟ್ಟಿತು. ಪ್ರಾಮಾಣಿಕತೆಯೊಂದೇ ಸಾಲದು ಎಂಬುದನ್ನೂ ಅದೇ ಈಗ ತೋರಿಸುತ್ತಿದೆ. ಗಣಿಯ ಹಣದಿಂದ ಕಟ್ಟಿದ ಶಾಲೆಯಲ್ಲಿ ಓದಿ ಬಂದ ಹುಡುಗನಿಗೆ ಗಣಿಯ ಹೊರಗೆ, ಸರ್ಕಾರಿ ಕಚೇರಿಯ ಹೊರಗೆ ಕೆಲಸ ಸಿಗದಿದ್ದರೆ ಶಾಲೆ ಕಟ್ಟಿದ ಉದ್ದೇಶ ಅರ್ಧಕ್ಕೇ ನಿಂತಂತೆ. ಅರ್ಧ ಶತಮಾನದಷ್ಟು ದೀರ್ಘವಾದ ಸಮೃದ್ಧಿಯೂ ಆ ಕೆಲಸವನ್ನು ಪೂರ್ತಿ ಮಾಡಲು ಅವಸರಪಡಿಸಲಿಲ್ಲ. ಹಣ ಬರುತ್ತಿದ್ದುದೇ ಅದಕ್ಕೆ ಅಡ್ಡಿಯಾಯಿತು.

ಆದರೂ ಈ ದೇಶದ ಬಗ್ಗೆ ನಿರಾಶರಾಗಲು ಕಾರಣವಿಲ್ಲ. 1966ರಲ್ಲಿ 22 ಪದವೀಧರರೊಡನೆ ಆರಂಭಿಸಿದ ದೇಶದಲ್ಲಿ ಇಂದು ವಿದ್ಯಾವಂತರ ಒಂದು ತಲೆಮಾರೇ ಇದೆ. ಖಜಾನೆ ಬರಿದಾದಾಗ ಸರ್ಕಾರವನ್ನು ಮತದಿಂದ ಬದಲಿಸಿದ, ಸೋತವರು ಅದನ್ನು ಮರುಮಾತಿಲ್ಲದೆ ಒಪ್ಪಿದ ನಾಡು ಅದು. 1967ರಲ್ಲಿ ಅಲ್ಲಿನ ನಾಯಕರು ಜನರಿಗೆ, ನಿಮ್ಮ ಕುಲದ ಹಕ್ಕನ್ನು ದೇಶಕ್ಕಾಗಿ ಬಿಡಿ ಎಂದು ಕೇಳಿದ್ದರು. ಕೇಳುವ ಮುನ್ನ ತಮ್ಮದನ್ನು ಬಿಟ್ಟಿದ್ದರು. ಈಗ ಸಂಬಳ, ಸಹಾಯಧನ, ಸರ್ಕಾರಿ ನೌಕರಿಗಳ ವಿಷಯದಲ್ಲಿ ಅದೇ ಬಗೆಯ ತ್ಯಾಗವನ್ನು ಕೇಳಬೇಕಾಗಿದೆ. ಅದನ್ನು ಖೊಟ್ಲಾದಲ್ಲಿ ಜನರ ಎದುರು ಕುಳಿತು, ತಮ್ಮ ಪಾಲನ್ನು ಮೊದಲು ಬಿಟ್ಟು ಕೇಳುವ ನಾಯಕರು ಅಲ್ಲಿದ್ದಾರೆಯೇ ಎಂಬುದರ ಮೇಲೆ ಆ ಆಸ್ಪತ್ರೆಗಳ ಔಷಧಿ ಕಪಾಟುಗಳು ಮತ್ತೆ ತುಂಬುವುದು ಅವಲಂಬಿಸಿದೆ.